ಮಟಕಿಯಿಂದ ಸಾಲಿಗೆ ಎಷ್ಟು ಹರದಾರಿ?

ಆಳಂದ ಸೀಮೆಯ ಮಟಕಿಯಲ್ಲಿ 1910ರ ಹೊತ್ತಿಗೆ ಕಣ್ಣು ಕಾಣದ ಒಂದು ಕೂಸು ಹುಟ್ಟಿತ್ತು ಅಂದುಕೊಳ್ಳಿ. ಅದು ಅಕ್ಷರ ಕಲಿಯಬೇಕೆಂದರೆ ಎಲ್ಲಿಗೆ ಹೋಗಬೇಕಿತ್ತು? ಈಗಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಮೂರೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕಿವುಡ ಮತ್ತು ಅಂಧ ಮಕ್ಕಳಿಗೆಂದೇ 1901ರಲ್ಲಿ ಶುರುವಾದ ಶಾಲೆ ಇದ್ದದ್ದು ಮೈಸೂರಿನಲ್ಲಿ. ಅದು ಬೇರೆ ಅರಸರ ಸೀಮೆ, ಕನ್ನಡ ನಾಡಿನ ಇನ್ನೊಂದು ತುದಿ. ಮಟಕಿಯ ಕೂಸಿನ ಪಾಲಿಗೆ ಉಳಿಯುತ್ತಿದ್ದದ್ದು ಮನೆಯ ಪಡಸಾಲೆ, ಇಲ್ಲವೇ ಗುಡಿ, ದರ್ಗಾಗಳ ಮೆಟ್ಟಿಲು.

ಅಂಗವಿಕಲ ಮಕ್ಕಳ ಓದಿನ ಚರಿತ್ರೆಯನ್ನು ಕಾಯ್ದೆಗಳ ಇಸವಿ ಹಿಡಿದು ಹೇಳುವುದು ರೂಢಿ. ನನಗೆ ಅದು ದೂರದ ಚರಿತ್ರೆಯಾಗಿ ಕಾಣುತ್ತದೆ. ಮನೆಯ ಹೊಸ್ತಿಲಿನಿಂದ ಕಲಿಸುವವರ ತನಕ ಮಗು ಎಷ್ಟು ಹರದಾರಿ ಹೋಗಬೇಕಾಯಿತು ಎಂಬುದೇ ಆ ಚರಿತ್ರೆ.

ದೂರವನ್ನು ಮೊದಲು ಕಡಿಮೆ ಮಾಡಿದವರು ಸರ್ಕಾರದವರಲ್ಲ, ಗವಾಯಿಗಳು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಬಡ ಮನೆಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ, ಅಣ್ಣ ಗುರುವಯ್ಯನಿಗೂ ಅಷ್ಟೆ. ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ಕರೆದು ಸಂಗೀತ ಕಲಿಯಲು ಹಚ್ಚಿದರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಯಾದರು. ಅವರು ಶಾಲೆ ಕಟ್ಟಿ ಮಕ್ಕಳ ದಾರಿ ಕಾಯುತ್ತ ಕೂರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಶಾಲೆಯೇ ನಡೆದಾಡುತ್ತಿತ್ತು, ಅವರು ಆಡಿಸುತ್ತಿದ್ದ ನಾಟಕದಿಂದ ಬಂದ ದುಡ್ಡು ಮಕ್ಕಳ ಅನ್ನಕ್ಕಾಗುತ್ತಿತ್ತು. ಕೊನೆಗೆ ಗದಗಿನಲ್ಲಿ ನೆಲೆ ನಿಂತದ್ದು ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಅವರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ಬರೆದರು. ಪದ್ಮಭೂಷಣ ಬಂದ 2010ರಲ್ಲೇ ತೀರಿಕೊಂಡರು.

ಪುಣ್ಯಾಶ್ರಮದ ಈ ಒಂದು ಸಂಗತಿಯನ್ನು ಶಿಕ್ಷಣದ ಚರಿತ್ರೆ ಬರೆಯುವವರು ಗಮನಿಸುವುದು ಕಡಿಮೆ. ಅಲ್ಲಿ ಕಣ್ಣಿದ್ದ ಹುಡುಗರೂ ಕಲಿತರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು. ಅಂಗವಿಕಲ ಮಗುವನ್ನು ಉಳಿದ ಮಕ್ಕಳ ಜೊತೆ ಕೂರಿಸುವುದಕ್ಕೆ ಇಂದು ‘ಸಮನ್ವಯ ಶಿಕ್ಷಣ’ ಎನ್ನುತ್ತೇವೆ. ಗದಗಿನಲ್ಲಿ ಕಣ್ಣಿದ್ದವರು ಕಣ್ಣಿಲ್ಲದ ಗುರುವನ್ನು ಹುಡುಕಿಕೊಂಡು ಬಂದು ಕಾಲಿಗೆ ಬಿದ್ದರು. ಇಷ್ಟು ನೇರವಾದ ಸಮಾನತೆ ಆಮೇಲಿನ ಯಾವ ಸುತ್ತೋಲೆಯಲ್ಲೂ ನನಗೆ ಸಿಕ್ಕಿಲ್ಲ. ಆದರೂ ಒಂದು ಕೊರತೆ ಇತ್ತು. ಕೊರಳಿದ್ದ ಮಗುವಿಗೆ ಸಂಗೀತದ ದಾರಿ ತೆರೆಯಿತು. ಲೆಕ್ಕ, ವಿಜ್ಞಾನ ಓದಬೇಕೆಂಬ ಮಗುವಿಗೆ, ಕಿವಿ ಕೇಳದ ಮಗುವಿಗೆ ಬೇರೆ ದಾರಿಯೇ ಬೇಕಿತ್ತು.

ಓದುವ ದಾರಿ ಬೆರಳ ತುದಿಗೆ ಬಂದದ್ದು ಬ್ರೈಲ್‌ನಿಂದ. ಹಿಂದೆ ದೇಶದಲ್ಲಿ ಹಲವು ಬಗೆಯ ಬ್ರೈಲ್ ಇದ್ದವು. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾಗಿ, ಒಂದು ಧ್ವನಿಗೆ ಎಲ್ಲ ಭಾಷೆಯಲ್ಲೂ ಒಂದೇ ಗುರುತು ಎಂದಾಯಿತು. ಆರು ಚುಕ್ಕಿಯ ಮನೆಯಲ್ಲಿ 1 ಮತ್ತು 3ನೇ ಚುಕ್ಕಿ ಉಬ್ಬಿದರೆ ಅದು ಕನ್ನಡದ ‘ಕ’, ಮರಾಠಿಯ ‘ಕ’ ಕೂಡ. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಆಳಂದದ ಗಡಿಯಲ್ಲಿ ಕಣ್ಣಿದ್ದವರು ಎರಡು ಲಿಪಿ ಕಲಿಯಬೇಕು. ಬೆರಳಿನಿಂದ ಓದುವವರಿಗೆ ಒಂದೇ ಸಾಕು.

1956ರಲ್ಲಿ ಆಳಂದ ಕಡೆಯ ಈ ಮೂರು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮುಂದೆ ಕಲಬುರಗಿಯಲ್ಲೇ ಅಂಧ ಮಕ್ಕಳಿಗೆ, ಕಿವುಡ ಮಕ್ಕಳಿಗೆ ಸರ್ಕಾರಿ ವಸತಿ ಶಾಲೆಗಳಾದವು. ಮೈಸೂರಿನ ದೂರ ಜಿಲ್ಲಾ ಕೇಂದ್ರದ ದೂರವಾಯಿತು. ಅಷ್ಟಾದರೂ ಐದಾರು ವರ್ಷದ ಮಗು ಅವ್ವನನ್ನು ಬಿಟ್ಟು ಹೋಗಬೇಕಿತ್ತು. ಊರ ಸಾಲಿಯಲ್ಲೇ ಯಾಕೆ ಕಲಿಯಬಾರದು ಎಂಬ ಪ್ರಶ್ನೆಗೆ ಉತ್ತರವಾಗಿ ಕೇಂದ್ರ ಸರ್ಕಾರ 1974ರಲ್ಲಿ ಒಂದು ಯೋಜನೆ ತಂದಿತು. ಯೋಜನೆ ಸರ್ಕಾರದ ಔದಾರ್ಯ, ಕೊಟ್ಟರೆ ಉಂಟು. ಹಕ್ಕು ಎಂಬ ಮಾತು ಬಂದದ್ದು ಅಂಗವಿಕಲರ 1995ರ ಕಾಯ್ದೆಯಲ್ಲಿ: 18 ವರ್ಷದವರೆಗೆ ಉಚಿತ ಶಿಕ್ಷಣ. 2016ರ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಜೊತೆಗೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದಾದ ಮಾತೊಂದನ್ನು ಹೇಳಿತು. ಶೇ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲಾದರೂ ಓದಬಹುದು, ವಿಶೇಷ ಶಾಲೆಯಲ್ಲಾದರೂ ಓದಬಹುದು; ಆಯ್ಕೆ ಆ ಮಗುವಿನದು.

ಕಾಗದದ ಮೇಲೆ ಸಾಲಿ ಊರಿಗೇ ಬಂತು. ಇನ್ನು ಉಳಿದದ್ದು ಮೆಟ್ಟಿಲು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಎರಡು ಅಡಿ ಎತ್ತರದ ಜಗಲಿಗೆ ಇಪ್ಪತ್ತನಾಲ್ಕು ಅಡಿ ಜಾಗ ಬಿಡಬೇಕು. ಅಷ್ಟು ಬಿಡದೆ ಕಡಿದಾಗಿ ಕಟ್ಟಿದ ರ‍್ಯಾಂಪಿನಲ್ಲಿ ಗಾಲಿಕುರ್ಚಿ ಹತ್ತುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಹತ್ತಿದರೂ ಶೌಚಾಲಯದ ಬಾಗಿಲು ಕಿರಿದಾಗಿದ್ದರೆ ಹೆಣ್ಣುಮಗು ಮಧ್ಯಾಹ್ನದ ತನಕ ನೀರು ಕುಡಿಯದೆ ಕೂರುತ್ತದೆ.

ಕಲಿಸುವವರ ಮಾತು ಇನ್ನೂ ಕಠಿಣ. ವಿಶೇಷ ಶಿಕ್ಷಕರ ಲೆಕ್ಕವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ: ಪ್ರಾಥಮಿಕದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ನಮ್ಮ ತಾಲ್ಲೂಕುಗಳಲ್ಲಿ ಈ ಕೆಲಸ ಹೊತ್ತವರು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಊರಿಂದ ಊರಿಗೆ ಓಡಾಡುತ್ತ ಸಾಲಿಯ ಮಕ್ಕಳನ್ನೂ ನೋಡಬೇಕು, ಸಾಲಿಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ತೀವ್ರ ಅಂಗವೈಕಲ್ಯದ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕು ಸಿಕ್ಕಿದ್ದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ. ದೂರ ಸೊನ್ನೆಗೆ ಇಳಿಯಿತು ಎನ್ನಬಹುದು. ಆದರೆ ನನಗೆ ಇಲ್ಲಿಯೇ ಭಯ. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಅದು ವರ. ಗಾಲಿಕುರ್ಚಿಯೊಂದು ಸಿಕ್ಕರೆ ಸಾಲಿಗೆ ಬರಬಲ್ಲ ಮಗುವನ್ನೂ ಮನೆಯಲ್ಲೇ ಕಲಿಯುವವರ ಪಟ್ಟಿಗೆ ಬರೆದರೆ, ಆ ಮಗು ಮತ್ತೆ 1910ರ ಪಡಸಾಲೆಗೇ ಮರಳುತ್ತದೆ. ಈಗ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಅಷ್ಟೆ.

ಸಾಲಿಗೆ ಬರುವ ಮಗುವಿಗೆ ವಾಹನ ಒದಗಿಸಬೇಕು, ಹೆಚ್ಚಿನ ಆಸರೆ ಬೇಕಾದವರ ಜೊತೆಗಾರರಿಗೂ ಒದಗಿಸಬೇಕು ಎಂದು 2016ರ ಕಾಯ್ದೆಯ 16ನೇ ಕಲಮು ಹೇಳುತ್ತದೆ. ಆದರೆ ಮಳೆಗಾಲದಲ್ಲಿ ಈ ಭಾಗದ ಎರಿಮಣ್ಣಿನ ಹಾದಿಯಲ್ಲಿ ಕಾಲು ಹೂತುಹೋಗುತ್ತದೆ. ಹತ್ತು ವರ್ಷದ ಮಗನನ್ನು ಟೊಂಕದ ಮೇಲೆ ಎತ್ತಿಕೊಂಡು ಹೋಗುವ ಅವ್ವನಿಗೆ, ಅರ್ಧ ಕಿಲೊಮೀಟರ್ ಆಚೆ ಇರುವ ಸಾಲಿಯೂ ದೂರವೇ.