ಕಿಸೆಯಲ್ಲಿ ಕತ್ತಿಯೋ, ಇಕ್ಕಳವೋ?

ಗೆಟ್ಟವಾಡಿಯ ಗೆಳೆಯರ ಮನೆಯ ಜಗಲಿಯಲ್ಲಿ ಕುಳಿತು, ಊರಿನಿಂದ ಒಯ್ದಿದ್ದ ಹಪ್ಪಳದ ಕಟ್ಟಿನ ದಾರ ಬಿಚ್ಚಲಾರದೆ ನಾವು “ಒಂದು ಕತ್ತಿ ಇದ್ದರೆ ಕೊಡಿ” ಎಂದು ಕೇಳಿದೆವು. ಮನೆಯ ಯಜಮಾನರಿಗೆ ನಗು ಬಂತು. “ಕತ್ತಿ ಯಾಕೆ ಸ್ವಾಮಿ, ಯುದ್ಧಕ್ಕೆ ಹೊರಟಿದ್ದೀರಾ? ಚಾಕು ಸಾಲದಾ?”

ತಮಾಷೆಯ ಮಾತಾದರೂ ಅದರಲ್ಲಿ ಹುರುಳಿತ್ತು. ಕಾಸರಗೋಡಿನವರಾದ ನಮಗೆ ಕತ್ತಿಯೆಂದರೆ ಕೆಲಸದವನ ಸೊಂಟದ ಕೊಕ್ಕೆಯಲ್ಲಿ ನೇತಾಡುವ ದಿನಬಳಕೆಯ ಸಾಧನ. ಅದರ ಮರಿ ಪೀಶಕತ್ತಿ. ಆದರೆ ಚಾಮರಾಜನಗರದ ಗಡಿಗೆ ತಾಗಿಕೊಂಡಿರುವ ತಾಳವಾಡಿಯ ಕನ್ನಡದಲ್ಲಿ ಕತ್ತಿ ರಾಜರ ಕೈಯಲ್ಲಿರುವ ಆಯುಧ. ಹೊಲದ್ದು ಮಚ್ಚು, ಕುಡ್ಲು, ಕಿಸೆಯದ್ದು ಚಾಕು. ಒಂದೇ ಮಾತು ಒಂದು ಕಡೆ ಉಪಕರಣ, ಇನ್ನೊಂದು ಕಡೆ ಆಯುಧ. ಅಂದು ಸಂಜೆ ಆ ಮನೆಯಲ್ಲಿ ನಡೆದ ಚರ್ಚೆಯೂ ಇದರ ಮೇಲೆಯೇ ಆದುದರಿಂದ ಓದುಗರ ಮುಂದಿಡುತ್ತಿದ್ದೇವೆ.

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು, 2016ರಲ್ಲಿ ತಾಲೂಕಾಯಿತು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲೇ ಇದೆ. 1956ರ ಭಾಷಾವಾರು ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು, ಅವರು ಮದ್ರಾಸು ರಾಜ್ಯದಲ್ಲೇ ಉಳಿದರು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಬೇರೊಂದು ಭಾಷೆ ಎಂಬ ಬದುಕು ಇಬ್ಬರಿಗೂ ಒಂದೇ.

ತಂದೆ-ಮಗನ ವಾದ

ಮನೆಯ ಹಿರಿಯ ಮಗ ಕೊಯಮತ್ತೂರಿನಲ್ಲಿ ಕೆಲಸಕ್ಕಿದ್ದಾನೆ. ವಾರದ ಕೊನೆಗೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬೈಕಿನಲ್ಲಿ ಊರಿಗೆ ಬರುತ್ತಾನೆ. ಕಿಸೆಯಲ್ಲಿ ಸದಾ ಇರಬೇಕಾದ ವಸ್ತು ಯಾವುದೆಂದು ಯೋಚಿಸಿ, ಮೊಬೈಲಿನಲ್ಲಿ ಎರಡನ್ನು ಆರಿಸಿ ಇಟ್ಟಿದ್ದ. ಒಂದು, ಕಪ್ಪು ಬಣ್ಣದ ಮಡಚುವ ಚೂರಿ. ‘ಟ್ಯಾಕ್ಟಿಕಲ್’ ಎಂಬ ಹೆಸರಿನದು. ಇನ್ನೊಂದು, ‘ಮಲ್ಟಿಟೂಲ್’: ನಡುವೆ ಇಕ್ಕಳ, ಹಿಡಿಯೊಳಗೆ ಚೂರಿ, ಸ್ಕ್ರೂಡ್ರೈವರ್, ಅರ, ಡಬ್ಬಿ ತೆರೆಯುವ ಅಲಗು. ಬೆಲೆ ಹೆಚ್ಚುಕಡಿಮೆ ಒಂದೇ. ಮಗನ ಮನಸ್ಸು ಚೂರಿಯ ಕಡೆಗೆ, ತಂದೆಯದು ಇಕ್ಕಳದ ಕಡೆಗೆ.

“ಕಾಡು ದಾರಿಯಲ್ಲಿ ಆನೆ ಬಂದ್ರೆ?” ಎಂದ ಮಗ.

“ಆನೆ ಬಂದ್ರೆ ಚಾಕು ತೆಗೀತೀಯೋ, ಬೈಕ್ ತಿರುಗಿಸ್ತೀಯೋ?” ಎಂದರು ತಂದೆ.

ಆಮೇಲೆ ಅವರು ಹಿಂದಿನ ವಾರ ತಮ್ಮ ಕೈಯಿಂದ ನಡೆದ ಸಣ್ಣಪುಟ್ಟ ಕೆಲಸಗಳನ್ನು ಬೆರಳು ಮಡಚಿ ಎಣಿಸಿದರು. ಹನಿ ನೀರಾವರಿಯ ಪೈಪು ತುಂಡರಿಸಿದ್ದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಿದ್ದು, ಕೋಸಿನ ಮೂಟೆಯ ದಾರ ಕೊಯ್ದದ್ದು, ಮೊಮ್ಮಗಳ ಪೆನ್ಸಿಲು ಚೂಪು ಮಾಡಿದ್ದು: ಇವು ನಾಲ್ಕು. ಔಷಧಿ ಸಿಂಪಡಿಸುವ ಪಂಪಿನ ನಳಿಕೆ ಬಿಚ್ಚಿದ್ದು, ಬೇಲಿಯ ತಂತಿ ತಿರುಚಿದ್ದು, ಬೈಕಿನ ಕ್ಲಚ್ಚಿನ ನಟ್ಟು ಬಿಗಿ ಮಾಡಿದ್ದು, ಟಾರ್ಚಿನ ಸ್ಕ್ರೂ ತಿರುಗಿಸಿದ್ದು, ಕಾಲಿನ ಮುಳ್ಳು ಕಿತ್ತದ್ದು: ಇವು ಐದು. ಒಂಬತ್ತರಲ್ಲಿ ನಾಲ್ಕಕ್ಕೆ ಮಾತ್ರ ಅಲಗು ಬೇಕಾಗಿತ್ತು. ಉಳಿದವಕ್ಕೆ ಹಿಡಿಯುವ, ತಿರುಗಿಸುವ ಸಾಧನ. ಒಂದರಲ್ಲಿಯೂ ಯಾರನ್ನೂ ಎದುರಿಸಬೇಕಾಗಿರಲಿಲ್ಲ.

ಒಳಗಿದ್ದ ತಾಯಿ ಮಾತ್ರ ಮಗನ ಪರವಾಗಿ ಒಂದು ಮಾತು ಹೇಳಿದರು. ಹಿಂದೊಮ್ಮೆ ಕರುವಿನ ಕೊರಳಿಗೆ ಹಗ್ಗ ಬಿಗಿದುಕೊಂಡಾಗ ಅವರ ಒಂದು ಕೈ ಕರುವಿನ ಮೇಲಿತ್ತಂತೆ. ಇನ್ನೊಂದೇ ಕೈಯಲ್ಲಿ ತೆರೆಯುವ ಚಾಕು ಇದ್ದಿದ್ದರೆ ಅಷ್ಟು ಒದ್ದಾಡಬೇಕಾಗಿರಲಿಲ್ಲ. ಇದು ತಳ್ಳಿಹಾಕುವ ಮಾತಲ್ಲ. ಒಂದು ಕೈಯಿಂದ ತೆರೆಯುವುದು, ತೆರೆದ ಮೇಲೆ ಅಲಗು ಬೀಗ ಹಾಕಿದಂತೆ ನಿಲ್ಲುವುದು, ಹಿಡಿ ಕೈತುಂಬ ಸಿಗುವುದು, ತೊಳೆಯಲು ಸುಲಭವಾಗಿರುವುದು ಇವೇ ಒಂಟಿ ಚೂರಿಯ ನಿಜವಾದ ಗುಣಗಳು. ಇವೆಲ್ಲ ಕೆಲಸಕ್ಕೆ ಬೇಕಾದ ಗುಣಗಳೇ ಹೊರತು ಕಾಳಗಕ್ಕೆ ಬೇಕಾದವಲ್ಲ.

ಸೈನಿಕನಿಗೂ ಬೇಕಾದದ್ದು

ಸೈನ್ಯದ ಹೆಸರಿನಲ್ಲಿ ಮಾರುವ ವಸ್ತುವೆಂದರೆ ತರುಣರಿಗೆ ಆಕರ್ಷಣೆ ಸಹಜ. ಆದರೆ ಸ್ವಿಟ್ಜರ್ಲೆಂಡಿನ ಸೈನ್ಯ 1890ರ ಸುಮಾರಿಗೆ ತನ್ನ ಸಿಪಾಯಿಗಳ ಕಿಸೆಗೆ ಆರಿಸಿದ ಚೂರಿಯಲ್ಲಿ ಏನಿತ್ತು? ಒಂದು ಅಲಗು, ತೂತು ಕೊರೆಯುವ ದಬ್ಬಳ, ಡಬ್ಬಿ ತೆರೆಯುವ ಅಲಗು, ಒಂದು ಸ್ಕ್ರೂಡ್ರೈವರ್. ಊಟದ ಡಬ್ಬಿ ತೆರೆಯಲು, ಬಂದೂಕಿನ ತಿರುಪು ಬಿಚ್ಚಲು ಬೇಕಾದದ್ದು ಅಷ್ಟೆ. ಕಾರ್ಲ್ ಎಲ್ಸೆನರ್ ಎಂಬಾತ ಅದನ್ನೇ ಸುಧಾರಿಸಿ 1897ರಲ್ಲಿ ‘ಅಧಿಕಾರಿಗಳ ಚೂರಿ’ಯನ್ನು ನೋಂದಾಯಿಸಿದ.

ಇಕ್ಕಳ ಬಂದದ್ದು ಆಮೇಲೆ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ ಕಾರೂ ಹೋಟೆಲಿನ ನಲ್ಲಿಯೂ ಕೈಕೊಡುತ್ತಿದ್ದವು. ಕಿಸೆಯಲ್ಲಿದ್ದ ಚೂರಿಗೆ ಒಂದು ಇಕ್ಕಳವಿದ್ದಿದ್ದರೆ ಎಂದು ಆತನಿಗೆ ಅನ್ನಿಸಿತು. ವಸ್ತು ಅಂಗಡಿಗೆ ಬಂದದ್ದು 1983ರಲ್ಲಿ. ಹೊರಗಡೆಯಿಂದಲೇ ಒಂದು ಕೈಯಲ್ಲಿ ತೆರೆಯುವ ಅಲಗುಳ್ಳ ‘ವೇವ್’ ಎಂಬ ಮಾದರಿ 1998ರಲ್ಲಿ ಬಂತು. ಎಂದರೆ ಗೆಟ್ಟವಾಡಿಯ ತಾಯಿಯ ಮಾತಿಗೆ ಮಲ್ಟಿಟೂಲಿನಲ್ಲಿಯೂ ಉತ್ತರವಿದೆ. ಕೊಳ್ಳುವಾಗ ಅಂಥದೇ ಮಾದರಿಯನ್ನು ಕೇಳಬೇಕು.

ಕಾನೂನು ಮತ್ತು ಚೆಕ್‌ಪೋಸ್ಟು

2016ರ ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧದ ಸಾಲಿಗೆ ಸೇರಿಸುತ್ತವೆ. ಮನೆಗೆಲಸ, ಕೃಷಿ, ಕೈಗಾರಿಕೆಗಳಿಗೆಂದು ಮಾಡಿದವುಗಳಿಗೆ ವಿನಾಯಿತಿಯಿದೆ. ಕಿಸೆಯ ಚೂರಿ ಆ ಅಳತೆಗೆ ಬಾರದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಆಯುಧ’ದ ಅರ್ಥದಲ್ಲಿ ಚೂರಿಯನ್ನೂ ಹೆಸರಿಸಿದೆ, ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯವನ್ನು ಹೊಗುವಂತಿಲ್ಲ. ದಿಂಬಂ ದಾರಿಯ ಸುತ್ತಲಿನ ಸತ್ಯಮಂಗಲ ಕಾಡು ಅಭಯಾರಣ್ಯ. 2013ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಹೌದು. ದಾರಿ ಬಿಟ್ಟು ಕಾಡಿಗಿಳಿಯುವವರು ಇದನ್ನು ಮರೆಯಬಾರದು. ಮಲ್ಟಿಟೂಲಿನೊಳಗೂ ಚೂರಿಯಿದೆ ಎಂಬುದನ್ನೂ ಮರೆಯಬಾರದು. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಗಲ್ಫಿಗೆ ಹೊರಡುವ ನಮ್ಮ ಮಕ್ಕಳು ಎರಡನ್ನೂ ಕೈಚೀಲದಲ್ಲಿ ಇಡದೆ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡುವುದು ಲೇಸು.

ಗಡಿಯಲ್ಲಿ ಬಾಳುವ ನಮಗೆ ಇನ್ನೂ ಒಂದು ಮಾತಿದೆ. ರಾತ್ರಿ ಚೆಕ್‌ಪೋಸ್ಟಿನಲ್ಲಿ ಚೀಲ ತಡಕಿದಾಗ ಕೇಳುವವರ ಭಾಷೆ ಒಂದು, ನಮ್ಮ ನಾಲಿಗೆಗೆ ಸಲೀಸಾಗಿ ಬರುವುದು ಇನ್ನೊಂದು. ಕಪ್ಪು ಚೂರಿ ಕಂಡರೆ ಅದು ಯಾಕೆ ಬೇಕಾಯಿತೆಂದು ತಡವರಿಸುತ್ತಾ ವಿವರಿಸಬೇಕು. ಇಕ್ಕಳವನ್ನು ಯಾವ ಭಾಷೆಯಲ್ಲಿಯೂ ವಿವರಿಸಬೇಕಾಗಿಲ್ಲ.

ತೋಟದವರಿಗೆ ನಾಲ್ಕು ಮಾತು

ಮಲ್ಟಿಟೂಲಿಗೂ ಕೊರತೆಗಳಿವೆ. ಕಾಲು ಕಿಲೋ ತೂಗುವವೂ ಇವೆ. ಲುಂಗಿಯ ಮಡಿಲಿಗೆ ಅದು ಭಾರ. ದಿನವಿಡೀ ಕೊಯ್ಯುವ ಕೆಲಸವಿರುವವರಿಗೆ ಸಾದಾ ಮಡಚುವ ಚೂರಿಯೇ ಹಿತ. ಸೊಂಟದಲ್ಲಿ ಕತ್ತಿ ಇದ್ದೇ ಇರುವವರಿಗೆ ಮತ್ತೊಂದು ಅಲಗಿಗಿಂತ ಇಕ್ಕಳ ಉಪಯೋಗಿ.

ನಮ್ಮ ಮಳೆಗೆ ಕಬ್ಬಿಣ ತುಕ್ಕು ಹಿಡಿಯುವುದು ಬೇಗ. ತುಕ್ಕು ಹಿಡಿಯದ ಉಕ್ಕಿನಲ್ಲಿ ಶೇಕಡಾ 10.5ರಷ್ಟಾದರೂ ಕ್ರೋಮಿಯಂ ಇರಬೇಕು. ‘ಡಿ2’ ಎಂಬ ಗಟ್ಟಿ ಉಕ್ಕಿನಲ್ಲಿ ಅದು ಶೇಕಡಾ 12ರಷ್ಟಿದ್ದರೂ ಅದರ ಒಂದು ದೊಡ್ಡ ಪಾಲು ಇಂಗಾಲದೊಡನೆ ಬೆರೆತುಹೋಗಿರುವುದರಿಂದ ಮಳೆಗಾಲದಲ್ಲಿ ಕಲೆ ಬೀಳುತ್ತದೆ. ಬೋರ್ಡೋ ದ್ರಾವಣ ತಾಗಿದರೆ ಅಂದೇ ತೊಳೆದು ಒರಸಿಡಿ. ಹಲಸಿನ ಮೇಣ ಹೋಗಲಾಡಿಸಲು ತೆಂಗಿನೆಣ್ಣೆ ಸರಿಯೆ. ಕೀಲಿಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ತೆಂಗಿನೆಣ್ಣೆ ತಾಳವಾಡಿಯ ಚಳಿಗೆ ಹೆಪ್ಪುಗಟ್ಟುತ್ತದೆ.

ಬೀಗವಿಲ್ಲದ ಅಲಗಿನ ತುದಿಯಿಂದ ಚುಚ್ಚಲು ಹೋಗಬೇಡಿ, ಅದು ಮಡಚಿ ಬೆರಳಿನ ಮೇಲೆಯೇ ಬೀಳುತ್ತದೆ. ಬೀಗವಿದ್ದರೂ ಮುಚ್ಚುವಾಗ ಬೆರಳು ಅಲಗಿನ ದಾರಿಯಲ್ಲಿರಬಾರದು. ಎಲ್ಲಕ್ಕಿಂತ ಮುಖ್ಯ: ಮಲ್ಟಿಟೂಲಿನ ಹಿಡಿ ಬರಿಯ ಲೋಹ. ಪಂಪ್‌ಶೆಡ್ಡಿನ ಫ್ಯೂಸಿಗೆ, ವಿದ್ಯುತ್ ತಂತಿಗೆ ಅದನ್ನು ಎಂದೂ ತಾಗಿಸಬೇಡಿ. ಅದಕ್ಕೆ ಹಿಡಿಗೆ ನಿರೋಧಕ ಹೊದಿಕೆಯಿರುವ ಕಟಿಂಗ್ ಪ್ಲೇಯರೇ ಬೇಕು. ಅದೂ ಮೈನ್ ಸ್ವಿಚ್ ಆರಿಸಿದ ಮೇಲೆ.

ಗೆಟ್ಟವಾಡಿಯ ತರುಣ ಅಂದು ಏನನ್ನೂ ಕೊಳ್ಳಲಿಲ್ಲ. ಒಂದು ವಾರ ತನ್ನ ಕೈ ಏನೇನು ಮಾಡುತ್ತದೆಂದು ತಾನೂ ಬರೆದಿಟ್ಟು ನೋಡುತ್ತೇನೆಂದ. ನಮ್ಮ ಓದುಗರಿಗೂ ನಾವು ಹೇಳುವುದು ಇಷ್ಟೆ. ಹಣ ಕೊಡುವ ಮೊದಲು ಒಂದು ಚೀಟಿಯನ್ನು ವಾರವಿಡೀ ಕಿಸೆಯಲ್ಲಿಟ್ಟುಕೊಳ್ಳಿ. ಅದರಲ್ಲಿ ಮಾಡಿದ ಕೆಲಸಗಳನ್ನು ಬರೆಯಿರಿ, ಹೆದರಿಕೆಗಳನ್ನು ಬೇಡ. ಯಾವುದನ್ನು ಕೊಳ್ಳಬೇಕೆಂದು ಆ ಚೀಟಿಯೇ ಹೇಳುತ್ತದೆ.