ಎಬಿಎಸ್ ಇದ್ದರೂ ಕಾರು ಜಾರುವುದೇಕೆ?

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್, ಅಂದರೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ಕಡ್ಡಾಯವಾಗಿದೆ. ಗ್ರಾಮೀಣ ರಸ್ತೆಗಳಲ್ಲೂ ಇಂತಹ ಕಾರುಗಳ ಸಂಖ್ಯೆ ಹೆಚ್ಚುತ್ತಿದೆ. ಆದರೆ ಎಬಿಎಸ್ ಇದ್ದರೆ ಕಾರು ಎಲ್ಲೆಡೆ ಬೇಗ ನಿಲ್ಲುತ್ತದೆಂಬ ನಂಬಿಕೆ ಸರಿಯಲ್ಲ.

ಗಾಬರಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರವು ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಮುಂದಿನ ಚಕ್ರಗಳು ಜಾರುತ್ತಿರುವಾಗ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದು. ಎಬಿಎಸ್‌ನಲ್ಲಿ ಸಂವೇದಕಗಳು ಪ್ರತಿ ಚಕ್ರದ ವೇಗವನ್ನು ಅಳೆಯುತ್ತಿರುತ್ತವೆ. ಚಕ್ರ ಬಿಗಿಯುವ ಸೂಚನೆ ಕಂಡೊಡನೆ ಬ್ರೇಕಿನ ಒತ್ತಡ ತಾನಾಗಿ ಸಡಿಲಗೊಂಡು ಮತ್ತೆ ಏರುತ್ತದೆ. ಇದು ಸೆಕೆಂಡಿಗೆ ಹಲವು ಬಾರಿ ನಡೆಯುತ್ತದೆ. ಆಗ ಪೆಡಲ್ ಪಾದದಡಿ ಅದುರಿ ಗರಗರ ಸದ್ದು ಬರುತ್ತದೆ. ಏನೋ ಮುರಿಯಿತೆಂದು ಅನೇಕರು ಕಾಲು ತೆಗೆಯುವುದು ಈ ಕ್ಷಣದಲ್ಲಿಯೇ. ಹಾಗೆ ಮಾಡಬಾರದು, ಪೆಡಲನ್ನು ಒತ್ತಿ ಹಿಡಿದೇ ಅಡ್ಡಿಯಿಂದ ಪಕ್ಕಕ್ಕೆ ಸರಿಯಬೇಕು. ಎಬಿಎಸ್ ಇಲ್ಲದ ಹಳೆಯ ವಾಹನದಲ್ಲಿ ಮಾತ್ರ, ಚಕ್ರ ಜಾರಿದೊಡನೆ ತುಸು ಸಡಿಲಿಸಿ ಮತ್ತೆ ಒತ್ತುವುದು ಸರಿ.

ಈ ವ್ಯವಸ್ಥೆಯು ರಸ್ತೆಯಲ್ಲಿರುವ ಹಿಡಿತವನ್ನಷ್ಟೇ ಬಳಸಿಕೊಳ್ಳಬಲ್ಲದು. ಸಡಿಲ ಜಲ್ಲಿಯ ಮೇಲೆ ಬಿಗಿದ ಚಕ್ರವು ಕಲ್ಲುಗಳನ್ನು ಮುಂದೆ ಗುಡ್ಡೆಹಾಕಿಕೊಂಡು ನಿಲ್ಲುವುದುಂಟು. ಎಬಿಎಸ್‌ನಿಂದಾಗಿ ಉರುಳುತ್ತಲೇ ಇರುವ ಚಕ್ರವು ಅಲ್ಲಿ ಇನ್ನೂ ದೂರ ಸಾಗಬಹುದು. ಸುಗ್ಗಿಯಲ್ಲಿ ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿದ ಹುರುಳಿ, ರಾಗಿ ಬೆಳೆಯ ಮೇಲಂತೂ ಟೈರು ರಸ್ತೆಯನ್ನೇ ಮುಟ್ಟಿರುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ತಿರುವಿನಾಚೆಯ ಹುಲ್ಲು ಕಂಡು ಚಾಲಕನ ಕಾಲು ಪೆಡಲ್ ತಲುಪುವಷ್ಟರಲ್ಲೇ ಕಾರು ಅದರ ಮೇಲಿರಬಹುದು. ವೇಗ ಇಮ್ಮಡಿಯಾದರೆ, ಬ್ರೇಕ್ ಹಿಡಿದ ಬಳಿಕ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ.

ಸಣ್ಣ ರೈತರಿಗೆ ಕಣವಿಲ್ಲದ ಕಷ್ಟ ನಿಜವೇ. ಆದುದರಿಂದ ಬರಿಯ ನಿಷೇಧದಿಂದ ಫಲವಿಲ್ಲ. ಸದಸ್ಯರು ಸಾಮೂಹಿಕ ಕಣಕ್ಕೆ ಸ್ಥಳ ಗುರುತಿಸಬೇಕು. ತಿರುವು ಮತ್ತು ಇಳಿಜಾರುಗಳಲ್ಲಿ ಮಾತ್ರ ಒಕ್ಕಣೆಯನ್ನು ಒಂದು ದಿನವೂ ಬಿಡತಕ್ಕದ್ದಲ್ಲ. ಕಾಮಗಾರಿ ಮುಗಿದ ಮೇಲೆ ಉಳಿದ ಜಲ್ಲಿಯನ್ನು ಗುತ್ತಿಗೆದಾರರಿಂದಲೇ ತೆಗೆಸಬೇಕು.

ಪಂಚಾಯಿತಿಯ ವಾಹನದಲ್ಲಿ ಎಬಿಎಸ್ ಇದ್ದರೆ, ಕೀಲಿ ತಿರುಗಿಸಿದಾಗ ಅದರ ದೀಪ ಹೊತ್ತಿ ಆರಬೇಕು. ಆರದಿದ್ದರೆ ಎಬಿಎಸ್ ಕೆಟ್ಟಿದೆ ಎಂದರ್ಥ. ಸಾಮಾನ್ಯ ಬ್ರೇಕ್ ಮಾತ್ರ ಉಳಿದಿರುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ವಾಹನವನ್ನು ಹೊರಡಿಸಲೇಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸಿದ ದಿನಾಂಕವನ್ನು ಲಾಗ್ ಪುಸ್ತಕದಲ್ಲಿ ನಮೂದಿಸುವುದು ಸೂಕ್ತ.