ಗರ್ಭಿಣಿಗೆ ಶುಗರ್ ಅಂದ್ರೆ ಮುದ್ದೆ ಬಂದ್ ಮಾಡಬೇಕಾ?

ಕಡಬ: ಆರು–ಏಳನೇ ತಿಂಗಳ ತಪಾಸಣೆಯಲ್ಲಿ ‘ಶುಗರ್ ಇದೆ’ ಅಂದ ಕೂಡಲೇ ಕೆಲವು ಮನೆಗಳಲ್ಲಿ ಗರ್ಭಿಣಿಯ ತಟ್ಟೆಯಿಂದ ಮುದ್ದೆ, ಅನ್ನ ಎರಡೂ ಮಾಯ. ಹಾಗೆ ಮಾಡಬೇಡಿ.

75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ಪರೀಕ್ಷಿಸಿದಾಗ 140 ಅಥವಾ ಹೆಚ್ಚು ಬಂದರೆ ಅದು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಆದರೂ ಮಗು ಬೆಳೆಯಲು ಗ್ಲೂಕೋಸ್ ಬೇಕೇ ಬೇಕು. ಗರ್ಭಿಣಿಗೆ ದಿನಕ್ಕೆ ಸುಮಾರು 175 ಗ್ರಾಂ ಪಿಷ್ಟವಾದರೂ ಬೇಕು ಅನ್ನೋದು ವೈದ್ಯಕೀಯ ಲೆಕ್ಕ.

ಹಾಗಾದ್ರೆ ಏನು ಮಾಡೋದು? ಮುದ್ದೆ ಚಿಕ್ಕದಾಗಲಿ, ಸಾರಿನಲ್ಲಿ ಕಾಳು, ಸೊಪ್ಪು ಜಾಸ್ತಿ ಇರಲಿ. ಹುರುಳಿ ಉಷ್ಣ ಅನ್ನೋರು ಹೆಸರುಕಾಳು, ಅವರೆಕಾಳು ಹಾಕಲಿ. ಮೂರು ಹೊತ್ತಿನ ಊಟವನ್ನು ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ಹಂಚಿ. ಬೆಲ್ಲ ಹಾಕಿದ ರಾಗಿ ಗಂಜಿ ಬೇಡ, ಬೆಲ್ಲವೂ ಸಕ್ಕರೆಯೇ.

ಕೊನೆಯ ಮೂರು ತಿಂಗಳು ದಿನಕ್ಕೆ 22 ಗ್ರಾಂ ಹೆಚ್ಚುವರಿ ಪ್ರೋಟೀನ್ ಬೇಕು ಎನ್ನುತ್ತದೆ ಐಸಿಎಂಆರ್. ಇದಕ್ಕೆ ದುಬಾರಿ ಡಬ್ಬಿ ಪುಡಿ ಬೇಕಿಲ್ಲ. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಸೇರಿದರೆ ಸುಮಾರು 20 ಗ್ರಾಂ ಆಯ್ತು. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟದಲ್ಲೂ ಮೊಟ್ಟೆ, ಹಾಲು ಇವೆ. ಜೊತೆಗೆ ಕೊಡುವ ಚಿಕ್ಕಿಯಲ್ಲಿ ಬೆಲ್ಲ ಇರುತ್ತೆ, ಶುಗರ್ ಇದ್ದವರು ಅದನ್ನು ಬಿಡಿ.

ಇನ್ಸುಲಿನ್ ತಗೊಳ್ಳೋರು ಊಟ ತಪ್ಪಿಸಲೇಬಾರದು. ಎಷ್ಟು ತಿನ್ನಬೇಕು ಅಂತ ವೈದ್ಯರನ್ನೇ ಕೇಳಿ.